ಹ್ಯಾಂಡಲ್ ಮಾವ

ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಒಂದು ಸೈಕಲ್ ಶಾಪು ಸಿಗುತ್ತದೆ. ಶಾಪು ಅಂದಮೇಲೆ ಮುಂದೊಂದು ಬೆಂಚು, ಬೆಂಚು ಅಂದಮೇಲೆ ಅದರ ಮೇಲೊಬ್ಬ ಹ್ಯಾಂಡಲ್ ಮಾವ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲೂ ಇವನಿದ್ದಾನೆ. ಊರು ಬದಲಾದರೆ ಹೆಗಲ ಮೇಲಿನ ಟವೆಲ್ಲಿನ ಬಣ್ಣ ಬದಲಾಗುತ್ತದೆ, ಅಷ್ಟೆ. ಹರಪನಹಳ್ಳಿಯಂತೂ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕು ಇಷ್ಟು ತಿರುವು ತಿರುಗಿದರೂ ಅಲ್ಲಿನ ಮಾವ ಬೆಂಚು ಬಿಟ್ಟು ಅಲುಗಿಲ್ಲ.

ಇವನು ಅಂಗಡಿಯವನಲ್ಲ, ಗಿರಾಕಿಯೂ ಅಲ್ಲ. ಕೈಗೆ ಸ್ಪ್ಯಾನರ್ ಮುಟ್ಟಿಸಿದವನಲ್ಲ. ಯಾರಾದರೂ ಸೈಕಲ್ ತಳ್ಳಿಕೊಂಡು ಬಂದರೆ ಟೈರು, ಚೈನು, ಬ್ರೇಕು ಒಂದನ್ನೂ ನೋಡದೆ, ಬೀಡಿ ಪಕ್ಕಕ್ಕಿಟ್ಟು ಹೇಳುತ್ತಾನೆ: “ಇದರ ಹ್ಯಾಂಡ್ಲು ಸರಿ ಇಲ್ಲ, ತಮ್ಮಾ.” ಚೈನು ಹರಿದು ಕೈಯಲ್ಲಿ ಜೋಲಾಡುತ್ತಿದ್ದರೂ ಅದಕ್ಕೆ ಕಾರಣ ಹ್ಯಾಂಡಲ್ಲೇ. “ಮುಂದೆ ದಿಕ್ಕು ತಪ್ಪಿದ್ರೆ ಹಿಂದೆ ಚೈನು ಹರೀದೆ ಏನು ಮಾಡ್ತೈತೆ?”

2006–07ರಲ್ಲಿ ಸರಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರುಮಾಡಿದ್ದೇ ಮಾವನಿಗೆ ಸುಗ್ಗಿ. ಹುಡುಗರು ಸೈಕಲ್ ಕೈಗೆ ಬಂದ ವಾರದೊಳಗೆ ಶಾಪಿಗೆ ಬಂದು, ರೇಸಿನದರಂತೆ ಕಾಣಲೆಂದು ಹ್ಯಾಂಡಲ್ ಬೋರಲು ಹಾಕಿಸಿಕೊಳ್ಳಲು ಸಾಲು ನಿಂತರು. ಮಾವ ತಡೆದ. “ಹಿಡಿ ಕೆಳಗೆ ಹೋತು ಅಂದ್ರೆ ನಿನ್ನ ಭಾರ ಮುಂದಿನ ಗಾಲಿ ಮೇಲೆ ಬೀಳ್ತದೆ. ಬೆನ್ನು ಬಾಗ್ತದೆ, ತಲೆ ಕೆಳಗಾಗ್ತದೆ, ಎದುರಿಗೆ ಬರೋ ಲಾರಿ ಕಾಣಂಗಿಲ್ಲ.” ಹುಡುಗರು ಕೇಳಲಿಲ್ಲ. ಆದರೆ ಮಾವ ಹೇಳಿದ್ದು ಸುಳ್ಳೇನೂ ಅಲ್ಲ. ಇವನ ದೊಡ್ಡ ತೊಂದರೆಯೇ ಅದು: ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜವಿರುತ್ತದೆ, ಹಾಗಾಗಿ ಎದ್ದು ಹೋಗುವಂತಿಲ್ಲ.

ಹಳೇ ಕಂಬಿ ಬ್ರೇಕಿನ ಸೈಕಲ್ ಕಂಡರೆ ಅವನ ದನಿಯೇ ಬೇರೆ. ಅದರ ಹಿಡಿಗಳು ಹಿಂದಕ್ಕೆ, ಸವಾರನ ಹೊಟ್ಟೆಯ ಕಡೆಗೆ ಬಾಗಿ ಬಂದಿರುತ್ತವೆ. ಆಳು ನೆಟ್ಟಗೆ ಕೂರುತ್ತಾನೆ, ಭಾರವೆಲ್ಲ ಹಿಂದಿನ ಗಾಲಿಗೆ. ಫೋರ್ಕು ಮುಂದಕ್ಕೆ ಚಾಚಿಕೊಂಡಿರುತ್ತದೆ, ತಿರುವು ನಿಧಾನ, ಗುಂಡಿಗೆ ಬಿದ್ದರೂ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಹಿಂದೆ ಶೇಂಗಾ ಚೀಲ, ಅದರ ಮೇಲೊಬ್ಬ ಮಗ, ಮುಂದಿನ ಕಂಬಿಯ ಮೇಲೆ ಮಗಳು, ಹ್ಯಾಂಡಲ್ಲಿಗೆ ಸಂತೆಯ ಕೈಚೀಲ. ಈ ಸಂಸಾರ ಹೊತ್ತು ಹೋಗಲು ಹುಟ್ಟಿದ ಹ್ಯಾಂಡಲ್ ಅದು. “ಅವಸರ ಇರೋರಿಗೆ ಮಾಡಿದ್ದಲ್ಲ ಕಣಪ್ಪ,” ಎನ್ನುತ್ತಾನೆ, ತನಗೆ ಅವಸರವೇ ಇಲ್ಲದ ಮಾವ.

ಒಮ್ಮೆ ಕೊಟ್ಟೂರು ತೇರಿಗೆಂದು ಬೆಂಗಳೂರಿಂದ ಬಂದ ಇಂಜಿನಿಯರೊಬ್ಬರು ತಮ್ಮ ಹಗೂರ ಸೈಕಲ್ಲಿಗೆ ಗಾಳಿ ಹೊಡೆಸಲು ಇಲ್ಲಿ ನಿಂತರು. ಬರೀ ಗಾಳಿ. ಮಾವ ಎದ್ದು ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿ, ಹ್ಯಾಂಡಲ್ಲನ್ನು ಫೋರ್ಕಿಗೆ ಕೂಡಿಸುವ ಕುತ್ತಿಗೆಯ ಮೇಲೆ ಬೆರಳಿಟ್ಟ. “ಇದು ಉದ್ದ ಆತು.” ಅವರು ನಕ್ಕು, ಅದಕ್ಕೆ ಸ್ಟೆಮ್ ಅಂತಾರೆ, 100 ಮಿ.ಮೀ. ಇದೆ, ರೋಡ್ ಸೈಕಲ್ಲಿಗೆ ಅಷ್ಟಿರಬೇಕು, ಬೆಟ್ಟ ಇಳಿಯುವ ಸೈಕಲ್ಲಿಗಾದರೆ 50 ಮಿ.ಮೀ. ಸಾಕು ಎಂದರು. ಉದ್ದವಿದ್ದರೆ ಮೈ ಮುಂದಕ್ಕೆ ಚಾಚುತ್ತದೆ, ತಿರುವು ಸಮಾಧಾನದ್ದಾಗುತ್ತದೆ. ಗಿಡ್ಡವಿದ್ದರೆ ಕೈ ಅಲುಗಿದ ಕೂಡಲೇ ಗಾಲಿ ಕೇಳುತ್ತದೆ.

ಅಷ್ಟರಲ್ಲಿ ಬೆಂಚಿನ ಇನ್ನೊಂದು ತುದಿಯಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಕನ್ನಡಕ ಏರಿಸಿದರು. ಪೈಥಾಗೊರಸ್ ಪ್ರಮೇಯಕ್ಕೆ ಇಂಥ ಅವಕಾಶ ಅವರ ಸರ್ವೀಸಿನಲ್ಲೇ ಬಂದಿರಲಿಲ್ಲ. ನೇರ ಹ್ಯಾಂಡಲ್ಲೊಂದರ ಹಿಡಿಯಿಂದ ಹಿಡಿಗೆ 44 ಸೆಂ.ಮೀ. ಎನ್ನಿ, ಅರ್ಧ 22. ಕುತ್ತಿಗೆ 5 ಸೆಂ.ಮೀ. ಇದ್ದರೆ ತಿರುಗುವ ನಡುಬಿಂದುವಿನಿಂದ ಕೈಗೆ ಸುಮಾರು 22.6; ಕುತ್ತಿಗೆ 10 ಇದ್ದರೆ 24.2. “ಕುತ್ತಿಗೆ ಎರಡರಷ್ಟಾದರೂ ಸನ್ನೆಯ ಬಲ ಹೆಚ್ಚಿದ್ದು ನೂರಕ್ಕೆ ಏಳೇ. ಅದೇ ಹ್ಯಾಂಡಲ್ ಅಗಲ 60 ಮಾಡಿ ನೋಡಿ, 30ಕ್ಕೂ ಮೀರಿ ಏರುತ್ತೆ. ಬಲ ಅಗಲದಲ್ಲಿದೆ, ಕುತ್ತಿಗೆ ಬದಲಿಸೋದು ನಾವು ಕೂರೋ ಭಂಗಿಯನ್ನ, ಮುಂದಿನ ಗಾಲಿಗೆ ಬೀಳೋ ಭಾರವನ್ನ.” ಪೇಪರಿನ ಅಂಚಲ್ಲಿ ವರ್ಗಮೂಲ ನೋಡಿ ಇಂಜಿನಿಯರರು ಮೌನವಾದರು. ಮಾವ ಮಾತ್ರ, “ನಾನು ಹೇಳಿದ್ದೂ ಅದೇ,” ಎಂದ. ಆಮೇಲೆ ಅವರನ್ನು ನೋಡಿ, “ಎಲ್ಲಾ ಸರಿ ಸರ, ಇದಕ್ಕೆ ನೀರಿನ ಕೊಡ ಎಲ್ಲಿ ಕಟ್ತೀರಿ?”

ಪ್ರಶ್ನೆ ತಮಾಷೆಯದಲ್ಲ. ಬರದ ಬೇಸಿಗೆಗಳಲ್ಲಿ ಈ ಸೀಮೆಯ ಸೈಕಲ್ಲುಗಳ ಹ್ಯಾಂಡಲ್ಲಿನ ಎರಡೂ ಕಡೆ ಕೊಡ ತೂಗಿದ್ದನ್ನು ಕಂಡವರಿಗೆ ಗೊತ್ತು. ಭಾರ ಹ್ಯಾಂಡಲ್ಲಿನ ತುದಿಗಳಲ್ಲಿ ಕೂತರೆ ತಿರುಗಿಸುವುದು ಕಷ್ಟ, ತಿರುಗತೊಡಗಿದ್ದನ್ನು ನಿಲ್ಲಿಸುವುದು ಇನ್ನೂ ಕಷ್ಟ. ತಳ್ಳಿಕೊಂಡು ಬರುವುದೇ ಜಾಣತನ.

ಮಾವನಿಗೊಬ್ಬ ಕುಲದೇವರಿದ್ದಾನೆ: ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. 1993ರಲ್ಲಿ ತಾನೇ ಕಟ್ಟಿದ ಸೈಕಲ್ಲಿನಲ್ಲಿ ಒಂದು ಗಂಟೆಗೆ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದವನು. ಬಟ್ಟೆ ಒಗೆಯುವ ಮಷೀನಿನ ಬೇರಿಂಗನ್ನು ಅದಕ್ಕೆ ಹಾಕಿದ್ದ. ಹ್ಯಾಂಡಲ್ಲನ್ನು ಎದೆಯಡಿಗೆ ತಂದು, ಕೈ ಮಡಚಿ ಅದರ ಮೇಲೆ ಕವುಚಿಕೊಂಡು ತುಳಿದಿದ್ದ. ಮರುವರ್ಷವೇ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ಆ ಭಂಗಿಯನ್ನು ನಿಷೇಧಿಸಿತು. ಅವನು ಕೈಗಳನ್ನು ಮುಂದಕ್ಕೆ ಪೂರಾ ಚಾಚುವ ಇನ್ನೊಂದು ಹ್ಯಾಂಡಲ್ ಮಾಡಿಕೊಂಡು ಬಂದ; ಕೊನೆಗೆ ಅದನ್ನೂ ನಿಷೇಧಿಸಿದರು. “ಕಾಲು ನೋಡಿ ಯಾರೂ ಹೆದರಲಿಲ್ಲ, ಹ್ಯಾಂಡ್ಲು ನೋಡಿ ಹೆದರಿದ್ರು,” ಎಂದು ಮಾವ ತೊಡೆ ತಟ್ಟುತ್ತಾನೆ. “ಆ ಮನುಷ್ಯ ಇಲ್ಲಿಂದ ಕೂಡ್ಲಿಗಿಗೆ ಹೋಗಿ ಬಂದು, ಉಳಿದ ಹೊತ್ನಾಗೆ ಮಂಡಕ್ಕಿ ಮಿರ್ಚಿ ತಿಂತಿದ್ದ.”

ಮೊನ್ನೆ ಹಾಲಿನವನೊಬ್ಬ ಬಂದ. ಹ್ಯಾಂಡಲ್ ನೆಟ್ಟಗೆ ನಿಲ್ಲುತ್ತಿಲ್ಲ, ತಿರುಗಿಸಿದರೆ ಅಲ್ಲಲ್ಲೇ ಕಚ್ಚುತ್ತದೆ. ಮಾವ ಶುರುಮಾಡಿದ: ಹಿಂದೆ ಎರಡು ಕ್ಯಾನು ಕಟ್ಟಿದ್ದೀ, ಮುಂದಿನ ಗಾಲಿ ಹಗುರಾಗಿ ತೂರಾಡುತ್ತೆ, ಕುತ್ತಿಗೆ ಬದಲಿಸು. ಆ ಸೈಕಲ್ಲಿನಲ್ಲಿ ಹ್ಯಾಂಡಲ್ಲೂ ಕುತ್ತಿಗೆಯೂ ಬೆಸೆದ ಒಂದೇ ತುಂಡು, ಬದಲಿಸಿದರೆ ಪೂರಾ ಬದಲಿಸಬೇಕು. ಮೇಷ್ಟ್ರು ಪೆನ್ನು ತೆಗೆದರು. ಇವರಿಬ್ಬರ ನಡುವೆ ಅಂಗಡಿಯ ಹುಡುಗ ಫೋರ್ಕಿನ ತಲೆಯ ನಟ್ಟು ಬಿಚ್ಚಿ, ಸವೆದು ಪುಡಿಯಾದ ಗುಂಡುಗಳನ್ನು ಕೊಡವಿ, ಗ್ರೀಸು ಮೆತ್ತಿ ಹೊಸವನ್ನು ಕೂರಿಸಿ ಬಿಗಿದ. ಹಾಲಿನವನು ಒಂದು ಸುತ್ತು ಹೊಡೆದು ಬಂದು, ಬೆಣ್ಣೆಯಂಗೆ ತಿರುಗ್ತೈತೆ ಎಂದು ಮಾವನಿಗೆ ಕೈಮುಗಿದ. ಹುಡುಗನಿಗೆ ದುಡ್ಡು ಕೊಟ್ಟ.

ಇಂಥವನನ್ನು ಯಾಕೆ ಕೂರಿಸಿಕೊಂಡಿದ್ದೀರಿ ಎಂದು ಅಂಗಡಿಯವರನ್ನು ಕೇಳಿದೆ. ಪಂಚರ್ ಟ್ಯೂಬಿಗೆ ಹಚ್ಚಿದ ಸಲ್ಯೂಷನ್ ಊದುತ್ತಾ ಹೇಳಿದರು: “ಇದು ಒಣಗೋತನಕ ಗಿರಾಕಿ ಎದ್ದು ಹೋಗಬಾರದು ನೋಡ್ರಿ. ಎರಡು ಚಾಕ್ಕೆ ಇಡೀ ದಿನ ಹಿಡಿದು ಕೂರಿಸ್ತಾನೆ.”