ಮಾಗಡಿಯ ಗೇಮ್ ಗೌಡ

ಊರು ಕಟ್ಟುವ ಚಟ ಮಾಗಡಿ ಸೀಮೆಗೆ ಹೊಸದಲ್ಲ. ಇಲ್ಲಿನ ಪಾಳೆಯಗಾರರ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನೇ ಕಟ್ಟಿದರು. ಸಾವನದುರ್ಗದ ಬುಡದ ಊರಿನ ನಮ್ಮ ಹುಡುಗನನ್ನು ಇಮ್ಮಡಿ ಕೆಂಪೇಗೌಡ ಅನ್ನೋಣವೆಂದರೆ ಆ ಹೆಸರು ಇತಿಹಾಸದಲ್ಲಿ ಆಗಲೇ ರಿಸರ್ವ್ ಆಗಿದೆ. ಮುಮ್ಮಡಿಯವರೂ ಆಗಿಹೋಗಿದ್ದಾರೆ. ಹಾಗಾಗಿ ಇವನು ಬರೀ ಗೇಮ್ ಗೌಡ.

ಹಗಲು ಬೆಂಗಳೂರಿನ ಕಂಪನಿಗೆ ವರ್ಕ್ ಫ್ರಂ ಹೋಮ್, ರಾತ್ರಿ ‘ಸಿಟೀಸ್: ಸ್ಕೈಲೈನ್ಸ್’. 2015ರಲ್ಲಿ ಫಿನ್‌ಲೆಂಡಿನವರು ಮಾಡಿದ ಆಟ. ಮಿಕ್ಕವರು ಅದರಲ್ಲಿ ಮೆಟ್ರೊ ಓಡಿಸಿ, ಫ್ಲೈಓವರ್ ಎಬ್ಬಿಸಿ, ತೆರಿಗೆ ವಸೂಲಿ ಮಾಡುತ್ತಾರೆ. ಇವನ ನಗರದಲ್ಲಿ ಒಂದು ನೆಟ್ಟಗಿನ ಬಸ್ ಸ್ಟಾಂಡಿಲ್ಲ. ಯುಗಾದಿಗೆ ಶುರುವಾದ ನೀರಿನ ಕೆಲಸ ಆಯುಧಪೂಜೆ ದಾಟಿದರೂ ಮುಗಿದಿಲ್ಲ.

ತಾಪತ್ರಯ ಇಷ್ಟೇ. ಆಟದ ನದಿ ನೀರು ತಾನಾಗಿ ಹರಿಯುತ್ತದೆ, ಏರಿಳಿಯುತ್ತದೆ. ಕೆರೆ ಕುಂಟೆಗೆ ಹಾಸುವ ಅಲಂಕಾರದ ನೀರು ಮಾತ್ರ ಗಾಜಿನ ಹಾಗೆ ಬಿದ್ದಿರುತ್ತದೆ. ಇವೆರಡೂ ಸೇರುವಲ್ಲಿ ಒಂದು ಗೆರೆ. ಆ ಗೆರೆ ಕಂಡ ದಿನ ಇವನಿಗೆ ಮುದ್ದೆ ಇಳಿಯುವುದಿಲ್ಲ. ದಡವನ್ನು ಓರೆ ಮಾಡಿ ಕೆಸರು ಬಳಿದ. ಆಪು ನೆಟ್ಟ. ಬಂಡೆ ಉರುಳಿಸಿದ. ಗೆರೆ ಅಲ್ಲೇ ಇತ್ತು.

ನೀರಿನ ಬಣ್ಣದ ಅಧ್ಯಯನಕ್ಕೆಂದೇ ಭಾನುವಾರ ಸಾವನದುರ್ಗದ ಕರಿಗುಡ್ಡ ಹತ್ತುತ್ತಾನೆ. 1226 ಮೀಟರ್ ಎತ್ತರದ ನೆತ್ತಿಯಲ್ಲಿ ಜನ ನಂದಿ ಮಂಟಪದ ಮುಂದೆ ಸೆಲ್ಫಿಗೆ ನಿಂತಿದ್ದರೆ, ಇವನು ಮಂಚನಬೆಲೆ ಜಲಾಶಯ ನೋಡಿ ಮುಖ ಸಿಂಡರಿಸುತ್ತಾನೆ: ‘ಛೆ, ಅಂಚು ಸರಿಯಾಗಿ ಬ್ಲೆಂಡ್ ಆಗಿಲ್ಲ.’

ಒಂದು ರಾತ್ರಿ ಅಜ್ಜಿ ಸ್ಕ್ರೀನ್ ಇಣುಕಿದರು.

‘ಏನ್ಲಾ ಅದು?’

‘ಕೆರೆ ಕಣಜ್ಜಿ.’

‘ಏರಿ ಎಲ್ಲಿ? ತೂಬೆಲ್ಲಿ? ಕೋಡಿ ಇಲ್ದಿದ್ರೆ ಮಳೆಗಾಲದಲ್ಲಿ ಏನ್ಲಾ ಮಾಡೀಯೆ?’

ಗೊಣಗುತ್ತಲೇ ಎರಡು ನೀರಿನ ನಡುವೆ ಕಲ್ಲುಕಟ್ಟಿ ಕೋಡಿ ಇಟ್ಟ. ಮೇಲೆ ಕೆರೆ, ಕೆಳಗೆ ಹೊಳೆ, ನಡುವೆ ಬಿಳಿ ನೊರೆ. ಗೆರೆ ಮಂಗಮಾಯ! ಫಿನ್‌ಲೆಂಡಿನವರಿಗೂ ಹೊಳೆಯದ್ದು ಸ್ಕೂಲ್ ಮೆಟ್ಟಿಲು ಹತ್ತದ ಅಜ್ಜಿಗೆ ಹೊಳೆದಿತ್ತು. ಕ್ರೆಡಿಟ್ ಮಾತ್ರ ಗೌಡನೇ ತಗೊಂಡ.

ಈ ಸಂಭ್ರಮದಲ್ಲಿ ಮೋರಿ ನೀರು ಬಿಡುವ ಕೊಳವೆಯನ್ನು ಕುಡಿಯುವ ನೀರಿನ ಪಂಪಿಗಿಂತ ಮೇಲೆ ಇಟ್ಟಿದ್ದ. ಆಟದಲ್ಲಿ ಅದಕ್ಕೆ ಕ್ಷಮೆಯಿಲ್ಲ. ಹೊಳೆ ಕಂದಾಯಿತು, ಊರಿಗೆ ಊರೇ ಕಾಯಿಲೆ ಬಿತ್ತು, ಆಂಬುಲೆನ್ಸ್‌ಗಳು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವು. ಗೌಡ ನನಗೆ ಸ್ಕ್ರೀನ್‌ಶಾಟ್ ಕಳಿಸಿದ: ‘ಕಂದು ತಿಳಿನೀರಿಗೆ ಎಷ್ಟು ನ್ಯಾಚುರಲ್ಲಾಗಿ ಬೆರೆತೈತೆ ನೋಡಿ ಸಾರ್!’ ನಿಜ. ವೃಷಭಾವತಿಯನ್ನು ಅರ್ಕಾವತಿಗೆ ಬೆರೆಸುವ ಈ ಕಲೆಯನ್ನು ಬೆಂಗಳೂರು ಯಾವ ಕಂಪ್ಯೂಟರೂ ಇಲ್ಲದೆ ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದೆ.

ಅಜ್ಜಿಯೂ ನೋಡಿದರು. ‘ಇಂಥ ನೀರಿರೋ ಊರಿಗೆ ಹೆಣ್ಣು ಯಾರ್ಲಾ ಕೊಟ್ಟಾರು?’

‘ಒಂದ್ನಿಮಿಷ ಇರಜ್ಜಿ, ನೊರೆ ಸರಿ ಮಾಡ್ತಾ ಇವ್ನಿ.’