ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರುವಾಗುವುದಿಲ್ಲ

ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಸುವ ಮಾಲೀಕರೇ,

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಲ್ಲಿ ನಿಮ್ಮ ಕ್ಯಾಲೆಂಡರ್ ಇಲ್ಲದ ಗೋಡೆ ಹುಡುಕುವುದು ಕಷ್ಟ. ಬೋರ್‌ವೆಲ್ ಪೂಜೆಗಾಗಲಿ, ಹೆಣ್ಣು ನೋಡಲು ಹೊರಡುವುದಕ್ಕಾಗಲಿ, ಹೊಸ ಗಾಡಿ ಮನೆಗೆ ತರುವುದಕ್ಕಾಗಲಿ ಮೊದಲು ಕಣ್ಣು ಹೋಗುವುದು ಅದರ ಮೂಲೆಯ ರಾಹುಕಾಲದ ಪಟ್ಟಿಗೆ. ಬುಧವಾರ 12ರಿಂದ 1.30, ಶುಕ್ರವಾರ 10.30ರಿಂದ 12. ಬೀದರಿಗೂ ಅದೇ, ಹನೂರಿಗೂ ಅದೇ. ಫೆಬ್ರವರಿಗೂ ಅದೇ, ನವೆಂಬರಿಗೂ ಅದೇ.

ರಾಹುಕಾಲ ನಂಬಬೇಕೋ ಬಿಡಬೇಕೋ ಎಂಬುದು ಈ ಪತ್ರದ ವಿಷಯವಲ್ಲ. ನಂಬುವವರಿಗೆ ನೀವು ಕೊಡುತ್ತಿರುವ ಲೆಕ್ಕ ತಪ್ಪು. ನಂಬದವರಿಗೆ ಆ ಲೆಕ್ಕದೊಳಗಿರುವ ಖಗೋಳವೇ ಕಾಣದಂತಾಗಿದೆ. ನನಗೆ ಎರಡೂ ನಷ್ಟವೇ.

ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಬುಧವಾರ ಐದನೆಯ ಪಾಲು ರಾಹುಕಾಲ: ಇದು ನೀವೇ ಒಪ್ಪುವ ನಿಯಮ. ನಾಲ್ಕು ಪಾಲು ಮುಗಿದರೆ ನಡುಹಗಲು. ಅಂದರೆ ಹೊತ್ತು ನೆತ್ತಿಗೆ ಬಂದ ಗಳಿಗೆಗೆ ಬುಧವಾರದ ರಾಹುಕಾಲ ಶುರು, ಶುಕ್ರವಾರದ್ದು ಮುಕ್ತಾಯ. ಆ ಗಳಿಗೆಯಲ್ಲಿ ಸೂರ್ಯ ಆಕಾಶದ ಉತ್ತರ–ದಕ್ಷಿಣ ರೇಖೆಯನ್ನು ದಾಟುತ್ತಾನೆ. ಆ ರೇಖೆಯಿಂದ ಅವನಿರುವ ದೂರವನ್ನು ಕೋನದಲ್ಲಿ ಹೇಳುವುದೇ ಘಂಟಾಕೋನ, ದಾಟುವಾಗ ಅದು ಸೊನ್ನೆ. ದಾಟುವ ಮುಂಚೆ ಗಂಟೆಗೆ 15 ಡಿಗ್ರಿಯಂತೆ ಋಣ, ದಾಟಿದ ಮೇಲೆ ಧನ. ನಮ್ಮ ಹಳೆಯ ಜ್ಯೋತಿಷಿಗಳು ಇದನ್ನೇ ‘ನತ’ ಎಂದು ಕರೆದು ಗಳಿಗೆಗಳಲ್ಲಿ ಎಣಿಸುತ್ತಿದ್ದರು. ಗಳಿಗೆಗೆ 24 ನಿಮಿಷ, 6 ಡಿಗ್ರಿ.

ಈಗ ಗಡಿಯಾರ ನೋಡೋಣ. ನಮ್ಮ ಕೈಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ. ಕೊಳ್ಳೇಗಾಲ ಇರುವುದು ಸುಮಾರು 77.1 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಹೆಚ್ಚುಕಡಿಮೆ ಇಪ್ಪತ್ತೆರಡು ನಿಮಿಷ ಸೂರ್ಯ ನಮ್ಮಲ್ಲಿಗೆ ತಡ. ಪೂರ್ವಕ್ಕಿರುವ ಹನೂರಿನ ನೆತ್ತಿಗೆ ಯಳಂದೂರಿಗಿಂತ ಒಂದು ನಿಮಿಷ ಮುಂಚೆ ಬರುತ್ತಾನೆ, ಅಷ್ಟೇ ವ್ಯತ್ಯಾಸ. ಭೂಮಿಯ ಓಟ ವರ್ಷವಿಡೀ ಒಂದೇ ವೇಗದ್ದಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಕೊಳ್ಳೇಗಾಲದ ನಡುಹಗಲು ನವೆಂಬರ್ ಮೊದಲ ವಾರ 12.05ಕ್ಕೆ, ಮೇ ನಡುವೆ 12.18ಕ್ಕೆ, ಜುಲೈ ಕೊನೆಗೆ 12.28ಕ್ಕೆ, ಫೆಬ್ರವರಿ ಎರಡನೇ ವಾರ 12.36ಕ್ಕೆ. ಸರಿಯಾಗಿ ಹನ್ನೆರಡಕ್ಕೆ? ವರ್ಷದ ಒಂದು ದಿನವೂ ಇಲ್ಲ. ಫೆಬ್ರವರಿಯ ಶುಕ್ರವಾರ ನಿಮ್ಮ ಪಟ್ಟಿ ನಂಬಿ 12.05ಕ್ಕೆ ಅಂಗಡಿ ಪೂಜೆಗೆ ಕೂತವರು ನಿಮ್ಮದೇ ನಿಯಮದ ಪ್ರಕಾರ ಇನ್ನೂ ಅರ್ಧ ಗಂಟೆ ರಾಹುಕಾಲದಲ್ಲೇ ಇರುತ್ತಾರೆ.

ಊರಿನ ಹೊತ್ತನ್ನು ದೂರದವರು ನಿಗದಿ ಮಾಡುವುದು ನಮಗೆ ಹೊಸದಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರೂ ಅದರೊಳಗೇ. ಪಕ್ಕದ ಯಳಂದೂರು ಮೈಸೂರಿನದು. ಮದ್ರಾಸ್ ವೀಕ್ಷಣಾಲಯದ ಹೊತ್ತು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ, ಕೊಳ್ಳೇಗಾಲದ ಸ್ವಂತ ಹೊತ್ತು 5 ಗಂಟೆ 8 ನಿಮಿಷ ಮುಂದೆ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಬಂತು. ದೇಶಕ್ಕೆಲ್ಲ ಒಂದೇ ಗಡಿಯಾರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂರ್ಯನನ್ನು ನೋಡಿ ಮಾಡಬೇಕಾದ ಲೆಕ್ಕವನ್ನು ಆ ಗಡಿಯಾರ ನೋಡಿ ಮಾಡುವಂತಿಲ್ಲ. ಒಳ್ಳೆಯ ಪಂಚಾಂಗಗಳು ಇಂದಿಗೂ ದೇಶಾಂತರ ಸಂಸ್ಕಾರ, ಅಂದರೆ ರೇಖಾಂಶದ ತಿದ್ದುಪಡಿ, ಕೊಡುತ್ತವೆ. ಮಸೀದಿಗಳ ನಮಾಜು ವೇಳಾಪಟ್ಟಿಯಲ್ಲಿ ಹೊತ್ತು ವಾಲುವ ಗಳಿಗೆ ದಿನದಿನಕ್ಕೂ ಬದಲಾಗುತ್ತದೆ. ನೀವು ಮಾತ್ರ ಬಿಟ್ಟಿದ್ದೀರಿ.

ಈ ಘಂಟಾಕೋನದ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಬಂಡೀಪುರ ದಾಟಿ ಊಟಿಗೆ ಹೋದರೆ, ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರ ತಂಡ 1970ರಲ್ಲಿ ಕಟ್ಟಿ ಮುಗಿಸಿದ ರೇಡಿಯೋ ದೂರದರ್ಶಕವಿದೆ. ಉದ್ದ 530 ಮೀಟರ್, ಅಗಲ 30 ಮೀಟರ್. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಓರೆಯಿರುವ ಗುಡ್ಡದ ಇಳಿಜಾರನ್ನು ಹುಡುಕಿ ಅದರ ಮೇಲೆ ಉತ್ತರ–ದಕ್ಷಿಣವಾಗಿ ಮಲಗಿಸಿದರು. ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಆಮೇಲೆ ಒಂದೇ ಅಕ್ಷದ ಸುತ್ತ ತಿರುಗಿಸಿದರೆ ಸಾಕು, ಘಂಟಾಕೋನವೊಂದನ್ನೇ ಬದಲಿಸುತ್ತ ಆಕಾಶದ ಒಂದು ಮೂಲವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸುತ್ತದೆ. ಗುಡ್ಡವನ್ನೇ ಉಪಕರಣವಾಗಿಸಿಕೊಂಡ ಆ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ಚಿಕ್ಕಲ್ಲೂರು ಜಾತ್ರೆಯನ್ನೇ ತೆಗೆದುಕೊಳ್ಳಿ. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲವೆಂಬ ಆಕೃತಿ ಉರಿಯುವಾಗ ಸಾವಿರಾರು ಜನ ಅಲ್ಲಿರುತ್ತಾರೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರು, ಇಬ್ಬರ ಘಂಟಾಕೋನದ ಅಂತರ 12 ಗಂಟೆ. ಜನವರಿಯಲ್ಲಿ ನಮ್ಮ ನಡುಹಗಲು 12.30ರ ಸುಮಾರು ಎಂದಮೇಲೆ, ಆ ರಾತ್ರಿ ಚಂದ್ರ ತುದಿಗೇರುವುದೂ ಸುಮಾರು 12.30ಕ್ಕೇ. ಜಾತ್ರೆಗೆ ಬಂದ ಯಾವ ಹುಡುಗಿಯಾದರೂ ತಲೆಯೆತ್ತಿ ಪರೀಕ್ಷಿಸಬಹುದಾದ ಲೆಕ್ಕ ಇದು.

ನಾನು ಕೇಳುವುದು ಇಷ್ಟೆ: ಪ್ರತಿ ತಿಂಗಳ ಹಾಳೆಯ ಕೆಳಗೆ ಒಂದು ಸಾಲು, ‘ಈ ತಿಂಗಳ ನಡುಹಗಲು’. ಮೂರೂ ತಾಲ್ಲೂಕಿಗೆ ಒಂದೇ ಅಂಕಿ ಸಾಕು. ರಾಹುಕಾಲವನ್ನೂ ಅದರಿಂದಲೇ ಎಣಿಸಿ.

ಅನುಮಾನವಿದ್ದರೆ, ಸೂರ್ಯ ನೇರ ತಲೆಯ ಮೇಲೆ ಹಾಯುವ ಏಪ್ರಿಲ್ 22ರ ಸುಮಾರಿಗೆ ಕೊಳ್ಳೇಗಾಲಕ್ಕೆ ಬನ್ನಿ. ಒಂದು ಮೀಟರಿನ ಪೈಪನ್ನು ತೂಕಗುಂಡು ಹಿಡಿದು ನೆಟ್ಟಗೆ ನಿಲ್ಲಿಸೋಣ. ಹನ್ನೆರಡು ಹೊಡೆದಾಗ ಪಡುವಣಕ್ಕೆ ಸುಮಾರು ಒಂಬತ್ತು ಸೆಂಟಿಮೀಟರ್ ನೆರಳು ಇನ್ನೂ ಚಾಚಿಕೊಂಡಿರುತ್ತದೆ. ಅದು ಪೈಪಿನ ಬುಡ ಸೇರಿ ಇಲ್ಲವಾಗುವುದು 12.20ಕ್ಕೆ. ಅಳತೆಪಟ್ಟಿ ನಾನು ತರುತ್ತೇನೆ. ಮುಂದಿನ ವರ್ಷದ ಕ್ಯಾಲೆಂಡರಿನ ಕರಡು ನೀವು ತನ್ನಿ.

ಇಂತಿ ನಿಮ್ಮ,
ಕೊಳ್ಳೇಗಾಲದ ಒಬ್ಬ ಗ್ರಾಹಕ