ಶಿಶುವಸ್ತ್ರ ಕಲಂಕ ಮೀಮಾಂಸೆ

ಸಕಲ ಶಾಸ್ತ್ರಗಳನ್ನೂ ಅರೆದು ಕುಡಿದ ನಮ್ಮ ಪೂರ್ವಾಚಾರ್ಯರು ಮಗುವಿನ ಜಬ್ಲಾ ಮೇಲಿನ ಬಾಳೆಹಣ್ಣಿನ ಕಲೆಯ ಬಗ್ಗೆ ಸುಮ್ಮನಿದ್ದುಬಿಟ್ಟರು. ಕಾರಣ ಸ್ಪಷ್ಟ: ಬಟ್ಟೆ ಒಗೆಯುತ್ತಿದ್ದವರು ಅವರಲ್ಲ. ಆ ಕೊರತೆ ತುಂಬಲು ಹೊರಟ ಈ ಪ್ರಬಂಧಕಾರನೂ ಒಗೆಯುವವನಲ್ಲ. ಆದಕಾರಣ ಶಾಸ್ತ್ರ ರಚಿಸಲು ಸರ್ವಥಾ ಅರ್ಹ.

ವಿಷಯ: ಕಲೆಗಳು ಪಂಚವಿಧ. ಮಗು ಕಕ್ಕಿದ ಹಾಲಿನದು ಕ್ಷೀರಜ. ಲಂಗೋಟಿಯ ಹಳದಿ ಪಿತ್ತಜ. ಪಿತ್ತರಸದ ಬಣ್ಣವೇ ಅದಕ್ಕೆ ಮೂಲ. ಕಾಡಿಗೆಯದು ಅಂಜನಜ; ಅದರಲ್ಲಿ ಹರಳೆಣ್ಣೆ ಸೋಪಿಗೆ ಶರಣಾಗುತ್ತದೆ, ಮಸಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಬೇಳೆ ಅನ್ನದ ಅರಿಶಿನದ್ದು ಹರಿದ್ರಾಜ. ಬಾರ್ ಸೋಪು ಉಜ್ಜಿದ ಕ್ಷಣ ಕ್ಷಾರಕ್ಕೆ ಸಿಟ್ಟಾಗಿ ಕೆಂಪೇರುತ್ತದೆ. ಐದನೆಯದು ಕದಳೀಜ, ಮಹಾ ಮಾಯಾವಿ. ಬಾಳೆಹಣ್ಣು ಮೆತ್ತಿಕೊಂಡಾಗ ಕಾಣುವುದೇ ಇಲ್ಲ. ಗಾಳಿ ತಾಗಿ ಕಂದಾಗುತ್ತಾ ಹೋಗಿ, ಒಗೆದು ಮಡಿಸುವ ಹೊತ್ತಿಗೆ ದರ್ಶನ ಕೊಡುತ್ತದೆ. ಕಬ್ಬಿಣಾಂಶದ ಹನಿಯ ತುಕ್ಕುಕಲೆ ನಿಂಬೆರಸದ ಹುಳಿಗೆ ಬಗ್ಗುವುದರಿಂದ ಅದನ್ನು ಅಡುಗೆಮನೆಯ ವ್ಯಾಪ್ತಿಗೆ ಬಿಡಲಾಗಿದೆ.

ಸಂಶಯ: ಕ್ಷೀರಜಕ್ಕೆ ಬಿಸಿನೀರೋ, ತಣ್ಣೀರೋ?

ಪೂರ್ವಪಕ್ಷ: ಬಿಸಿನೀರೇ. ಕುದಿಯುವ ನೀರಿಗೆ ಕ್ರಿಮಿಯೇ ಸಾಯುವಾಗ ಕಲೆಯ ಪಾಡೇನು? ಈ ಮತವನ್ನು ಮಗುವಿನ ತಂದೆ ಬಚ್ಚಲಿನ ಬಾಗಿಲಿಗೆ ಒರಗಿ, ಕಾಫಿ ಲೋಟ ಹಿಡಿದು ಮಂಡಿಸುವುದು ವಾಡಿಕೆ.

ಸಿದ್ಧಾಂತ: ಒಳಗಿನಿಂದ ಅಜ್ಜಿ ಒಂದೇ ವಾಕ್ಯದಲ್ಲಿ ಇದನ್ನು ಖಂಡಿಸುತ್ತಾರೆ: "ಹಾಲು ಕಾಯಿಸಿದ ಪಾತ್ರೆ ತಳ ಉಜ್ಜಿದ್ದೀಯೇನೋ ಯಾವತ್ತಾದ್ರೂ?" ಪೂರ್ವಪಕ್ಷ ಅಲ್ಲೇ ಬೀಳುತ್ತದೆ. ಬಿಸಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ತಣ್ಣೀರು, ಅದೂ ಕಲೆ ಒಣಗುವ ಮುಂಚೆ. ಬಿಸಿನೀರೇನಿದ್ದರೂ ಕಲೆ ಬಿಟ್ಟ ಮೇಲೆ.

ಇಲ್ಲಿಂದ ಮುಂದೆ ಪಂಥಭೇದ. ಅಂಟುವಾಳ ಪಂಥದವರು ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ, ಬಂದ ನೊರೆಯಲ್ಲಿ ಕುಲಾವಿಯನ್ನು ಅದ್ದುತ್ತಾರೆ. ಕಿಣ್ವ ಪಂಥದ ಮೂಲಪುರುಷ ಜರ್ಮನಿಯ ಆಟೋ ರೋಮ್. ಪ್ರಾಣಿಗಳ ಮೇದೋಜೀರಕದ ಕಿಣ್ವದಿಂದ ಬಟ್ಟೆ ಒಗೆಯುವ ವಿಧಾನಕ್ಕೆ ಅವರು 1913ರಲ್ಲೇ ಪೇಟೆಂಟ್ ಪಡೆದರು. ಮಗುವಿನ ಹೊಟ್ಟೆ ಅರ್ಧಕ್ಕೇ ಕೈಬಿಟ್ಟ ಜೀರ್ಣಕಾರ್ಯವನ್ನು ಬಕೆಟ್ಟು ಪೂರೈಸುತ್ತದೆ ಎಂಬುದು ಈ ದರ್ಶನದ ಸಾರ. ಆತಪ ಪಂಥದವರಿಗೆ ಬಿಸಿಲೇ ಪ್ರಮಾಣ: ಪಿತ್ತಜ, ಹರಿದ್ರಾಜಗಳೆರಡೂ ಒದ್ದೆಬಟ್ಟೆಯಲ್ಲೇ ಬಿಸಿಲಿಗೆ ಬಿದ್ದರೆ ಮಾಸುತ್ತವೆ. ಇದು ಬಳ್ಳಾರಿಯಲ್ಲಿ ಅಬಾಧಿತ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಕಟ್ಟಡದವರು ಬಿಟ್ಟುಕೊಟ್ಟಷ್ಟೇ ಬಿಸಿಲು. ಆಷಾಢದ ಆಗುಂಬೆಯಲ್ಲಂತೂ ಈ ಪಂಥಕ್ಕೆ ಬಾಯೇ ಇಲ್ಲ. ಅಲ್ಲಿ ಲಂಗೋಟಿಗಳು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿ, ಕಲೆಯ ಜೊತೆಗೆ ಹೊಗೆವಾಸನೆಯನ್ನೂ ಸಂಪಾದಿಸುತ್ತವೆ.

ಪ್ರಯೋಜನ: ಕಲೆ ಪೂರ್ತಿ ಹೋಗುವಷ್ಟರಲ್ಲಿ ಮಗುವಿಗೆ ಅಂಗಿ ಚಿಕ್ಕದಾಗಿರುತ್ತದೆ, ಹಾಗಾದರೆ ಒಗೆದ ಶ್ರಮ ವ್ಯರ್ಥವಲ್ಲವೇ? ಅಲ್ಲ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಎಳೆಗೂಸಿಗೆ ಮೊದಲ ದಿನಗಳಲ್ಲಿ ಹೊಸಬಟ್ಟೆ ತೊಡಿಸುವುದಿಲ್ಲ. ಅಕ್ಕನ ಮಗುವಿನದೋ ಅತ್ತಿಗೆಯ ಮಗುವಿನದೋ ಒಗೆದೊಗೆದು ಮೆತ್ತಗಾದ ಹಳೆಯದೇ ಆಗಬೇಕು. ಆದ್ದರಿಂದ ಒಗೆತದ ನಿಜವಾದ ಫಲ ಮೆತುತನ. ಕಲೆ ಹೋಗುವುದು ಆನುಷಂಗಿಕ. ಮಸುಕಾಗಿ ಉಳಿದ ಹಳದಿ ಈ ಅಂಗಿ ತಕ್ಕಷ್ಟು ಸಲ ಬಂಡೆ ಕಂಡಿದೆ ಎಂಬುದಕ್ಕೆ ಸಾಕ್ಷಿ. ಅಂಗಡಿಯಿಂದ ತಂದ ಶುಭ್ರ ಜಬ್ಲಾಗೆ ಅಂಥ ಯೋಗ್ಯತಾಪತ್ರ ಎಲ್ಲಿಯದು?

ಕೊನೆಯದಾಗಿ ಅಧಿಕಾರಿ ನಿರ್ಣಯ. ಕಲೆ ಒಣಗುವ ಮುಂಚೆ ತಣ್ಣೀರಿಗೆ ಹಾಕಬೇಕೆಂದು ಮೇಲೆ ಸಾಧಿಸಿದ್ದಾಗಿದೆ. ಆಗಲೇ ಎದ್ದು ಹೋದವರಿಗೆ ಈ ಶಾಸ್ತ್ರದ ಅಗತ್ಯವಿಲ್ಲ. ಇಲ್ಲಿಯವರೆಗೆ ಓದುತ್ತಾ ಕುಳಿತವರ ಹೆಗಲ ಮೇಲಿನ ಕಲೆ ಈಗಾಗಲೇ ಒಣಗಿದೆ. ಅವರು ಎರಡನೆಯ ಸಂಪುಟಕ್ಕೆ ಕಾಯತಕ್ಕದ್ದು.